ಒಂದೇ ಸರ್ವಾಧಿಕಾರಿ, ಎರಡು ದಾರಿ



1970ರ ಡಿಸೆಂಬರ್ ತಿಂಗಳು. ಸ್ಪೇನ್ ದೇಶದ ಬುರ್ಗೋಸ್ ಊರಿನಲ್ಲಿ ಸೇನಾ ನ್ಯಾಯಾಲಯದ ವಿಚಾರಣೆ ನಡೆದಿದೆ. ಕಟಕಟೆಯಲ್ಲಿ 16 ಮಂದಿ. ಹೆಚ್ಚಿನವರು ಎಳೆಯ ಪ್ರಾಯದವರು. ಇಬ್ಬರು ಪಾದ್ರಿಗಳೂ ಇದ್ದಾರೆ. ಬಾಸ್ಕ್ ನಾಡಿನ ಬಿಡುಗಡೆಗಾಗಿ ಬಂದೂಕು ಹಿಡಿದ ಎಟಾ ಎಂಬ ಸಂಘಟನೆಗೆ ಸೇರಿದವರು ಎಂಬುದು ಆರೋಪ. ಪೊಲೀಸ್ ಅಧಿಕಾರಿಯೊಬ್ಬನ ಕೊಲೆಯೂ ಆರೋಪಪಟ್ಟಿಯಲ್ಲಿದೆ. ಸರ್ಕಾರಿ ವಕೀಲರು ಆರು ಜನರಿಗೆ ಮರಣದಂಡನೆ ಕೇಳಿದ್ದಾರೆ.

ಅದೇ ಡಿಸೆಂಬರ್. ಅದೇ ದೇಶದ ಇನ್ನೊಂದು ಮೂಲೆ, ಕ್ಯಾಟಲೋನಿಯಾ. ಬಾರ್ಸಿಲೋನಾ ನಗರಕ್ಕೆ ಹತ್ತಿರ ಮೊಂತ್ಸೆರಾತ್ ಎಂಬ ಬೆಟ್ಟವಿದೆ. ಗರಗಸದ ಹಲ್ಲಿನಂತೆ ಎದ್ದು ನಿಂತ ಬಂಡೆಗಳ ಬೆಟ್ಟ. ಅದರ ಮಡಿಲಲ್ಲಿ ಹಳೆಯ ಮಠ. ಆ ಮಠದೊಳಗೆ ಸುಮಾರು 300 ಜನ ಬಾಗಿಲು ಹಾಕಿಕೊಂಡು ಕೂತರು. ಲೇಖಕರು, ಗಾಯಕರು, ಚಿತ್ರಕಾರರು. ಲೋಕಪ್ರಸಿದ್ಧ ಚಿತ್ರಕಾರ ಜುವಾನ್ ಮಿರೋ ಕೂಡ ಇದ್ದರು. ಆಗ ಅವರ ವಯಸ್ಸು 77. ಬುರ್ಗೋಸ್‌ನ ವಿಚಾರಣೆಯನ್ನು ಖಂಡಿಸಿ ಒಂದು ಹೇಳಿಕೆ ಬರೆದು, ಅದನ್ನು ಲೋಕಕ್ಕೆ ತಲುಪಿಸಿ ಅವರು ಹೊರಬಂದರು.

ಎರಡೂ ನಾಡುಗಳಿಗೆ ಸ್ವಂತ ಭಾಷೆಯಿತ್ತು, ಸ್ವಂತ ಬಾವುಟವಿತ್ತು. ಎರಡನ್ನೂ ತುಳಿಯುತ್ತಿದ್ದವನು ಒಬ್ಬನೇ, ಸರ್ವಾಧಿಕಾರಿ ಜನರಲ್ ಫ್ರಾಂಕೋ. ಆದರೂ ಒಂದು ನಾಡಿನ ತರುಣರು ಪಿಸ್ತೂಲು ಹಿಡಿದರು, ಇನ್ನೊಂದು ನಾಡಿನವರು ಮಠದಲ್ಲಿ ಕೂತು ಪತ್ರ ಬರೆದರು. ಮುಂದಿನ ನಾಲ್ಕು ದಶಕಗಳಲ್ಲಿ ಎಟಾ ಕೈಯಲ್ಲಿ ಸತ್ತವರು ಸುಮಾರು 850 ಜನ. ಕ್ಯಾಟಲೋನಿಯಾದ ಸಶಸ್ತ್ರ ಗುಂಪುಗಳ ಕೈಯಲ್ಲಿ ಸತ್ತವರು ಬೆರಳೆಣಿಕೆಯಷ್ಟು ಜನ. ಈ ವ್ಯತ್ಯಾಸ ಏಕೆ? ಇಂದಿನ ಮಾತು ಇಷ್ಟರ ಬಗ್ಗೆಯೇ.

ಸುಲಭದ ಉತ್ತರವೊಂದು ಸ್ಪೇನಿನಲ್ಲಿ ಬಹಳ ಕಾಲ ಓಡಾಡಿತು. ಬಾಸ್ಕರು ಗುಡ್ಡಗಾಡಿನ ಒರಟು ಜನ, ಕ್ಯಾಟಲನ್ನರು ಲೆಕ್ಕಾಚಾರದ ವ್ಯಾಪಾರಿಗಳು. ಅದಕ್ಕೇ ಹೀಗೆ ಎಂಬುದು. ಚರಿತ್ರೆಯನ್ನು ಸ್ವಲ್ಪ ತಿರುವಿದರೂ ಈ ಮಾತು ನಿಲ್ಲುವುದಿಲ್ಲ. ನೂರಿಪ್ಪತ್ತೈದು ವರ್ಷಗಳ ಹಿಂದೆ ಬಾರ್ಸಿಲೋನಾಕ್ಕೆ ಬಾಂಬುಗಳ ನಗರ ಎಂಬ ಹೆಸರಿತ್ತು. 1893ರಲ್ಲಿ ಅಲ್ಲಿನ ಲಿಸೇವು ಸಂಗೀತ ರಂಗಮಂದಿರದಲ್ಲಿ ನಾಟಕ ನಡೆಯುವಾಗಲೇ ಬಾಂಬು ಬಿದ್ದು ಸುಮಾರು 20 ಜನ ಸತ್ತರು. 1920ರ ಆಸುಪಾಸಿನಲ್ಲಿ ಗಿರಣಿ ಮಾಲೀಕರ ಬಾಡಿಗೆ ಬಂಟರೂ ಅರಾಜಕತಾವಾದಿ ಕಾರ್ಮಿಕರೂ ಬೀದಿಯಲ್ಲೇ ಪರಸ್ಪರ ಗುಂಡು ಹಾರಿಸಿಕೊಂಡರು. ಅದು ವರ್ಗದ ಜಗಳ, ನಾಡಿನ ಜಗಳವಲ್ಲ ಎಂಬುದು ನಿಜ. ಆದರೆ ಕ್ಯಾಟಲನ್ನರ ರಕ್ತವೇ ತಣ್ಣಗಿನದು ಎನ್ನುವವರು ಈ ಪುಟಗಳನ್ನು ಓದಿಲ್ಲ.

ಬಾಸ್ಕರ ಕತೆ ಇದಕ್ಕೆ ತದ್ವಿರುದ್ಧ. ಸಬಿನೊ ಅರಾನಾ ಎಂಬಾತ 1895ರಲ್ಲಿ ಬಿಲ್ಬಾವೊ ನಗರದಲ್ಲಿ ಬಾಸ್ಕ್ ರಾಷ್ಟ್ರೀಯ ಪಕ್ಷ ಕಟ್ಟಿದ. ಚರ್ಚಿಗೆ ತಪ್ಪದೆ ಹೋಗುವ, ಚುನಾವಣೆಗೆ ನಿಲ್ಲುವ, ಜಾನಪದ ಕುಣಿತ ಏರ್ಪಡಿಸುವ ಪಕ್ಷ. ಭಯೋತ್ಪಾದನೆ ಅದರ ದಾರಿಯಾಗಲಿಲ್ಲ. ಅದೇ ಜನ, ಅದೇ ಗುಡ್ಡ, ಅದೇ ಹಟ. ಎಟಾ ಹುಟ್ಟಿದ್ದು 1959ರಲ್ಲಿ. ಅಂದರೆ 60 ವರ್ಷಕ್ಕೂ ಹೆಚ್ಚು ಕಾಲ ಬಾಸ್ಕ್ ರಾಷ್ಟ್ರೀಯತೆ ಎಟಾದಂಥದ್ದೊಂದು ಇಲ್ಲದೆಯೇ ಬಾಳಿತ್ತು.

ಹಾಗಾದರೆ ದಬ್ಬಾಳಿಕೆಯ ಪ್ರಮಾಣ ಕಾರಣವೇ? ತುಳಿತ ಹೆಚ್ಚಾದಲ್ಲಿ ಬಂದೂಕು ಏಳುತ್ತದೆ ಎಂದು ನಾವೆಲ್ಲ ಸಹಜವಾಗಿ ನಂಬುತ್ತೇವೆ. ಇಲ್ಲಿ ಅಳೆದು ನೋಡೋಣ. ಸ್ಪೇನಿನ ಅಂತರ್ಯುದ್ಧದ ನಡುವೆ, 1937ರ ಏಪ್ರಿಲ್‌ನಲ್ಲಿ ಬಾಸ್ಕರ ಗೆರ್ನಿಕಾ ಪಟ್ಟಣದ ಮೇಲೆ ಫ್ರಾಂಕೋ ಪರವಾಗಿ ಜರ್ಮನ್ ವಿಮಾನಗಳು ಬಾಂಬು ಸುರಿದವು. ಅಂದು ಸಂತೆಯ ದಿನ. ಪಿಕಾಸೋ ಚಿತ್ರದಿಂದಾಗಿ ಆ ಊರಿನ ಹೆಸರು ಲೋಕಕ್ಕೆಲ್ಲ ಗೊತ್ತು. ಆದರೆ ಕ್ಯಾಟಲೋನಿಯಾ ಅನುಭವಿಸಿದ್ದು ಕಡಿಮೆಯಲ್ಲ. ಬಾರ್ಸಿಲೋನಾದ ಮೇಲೂ ಇಟಲಿಯ ವಿಮಾನಗಳು ಬಾಂಬು ಹಾಕಿದವು. ಅಲ್ಲಿನ ಚುನಾಯಿತ ಅಧ್ಯಕ್ಷ ಲೂಯಿಸ್ ಕೊಂಪಾನಿಸ್ ಫ್ರಾನ್ಸಿಗೆ ಓಡಿಹೋಗಿದ್ದರು. ನಾತ್ಸಿಗಳು ಅವರನ್ನು ಹಿಡಿದು ಫ್ರಾಂಕೋ ಕೈಗೆ ಒಪ್ಪಿಸಿದರು. 1940ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ಕೋಟೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಎರಡೂ ನಾಡುಗಳಲ್ಲಿ ಶಾಲೆ, ಕಚೇರಿ, ಪತ್ರಿಕೆಗಳಿಂದ ಸ್ಥಳೀಯ ಭಾಷೆಯನ್ನು ಹೊರಹಾಕಿದರು. ಮಕ್ಕಳಿಗೆ ಆ ಭಾಷೆಯ ಹೆಸರಿಡುವುದಕ್ಕೂ ಅಡ್ಡಿ ಬಂತು.

ಗಾಯ ಎರಡೂ ಕಡೆ ಆಳವಾಗಿತ್ತು. ಆದ್ದರಿಂದ ಜನಗುಣವನ್ನೂ ದಬ್ಬಾಳಿಕೆಯ ತೂಕವನ್ನೂ ಪಕ್ಕಕ್ಕಿಡೋಣ. ಗಾಯವಾದ ಮೇಲೆ ಆ ಜನರ ಕೈಯಲ್ಲಿ ಏನು ಉಳಿದಿತ್ತು ಎಂದು ಕೇಳಿದರೆ ವ್ಯತ್ಯಾಸ ಕಾಣತೊಡಗುತ್ತದೆ.

ಕ್ಯಾಟಲನ್ನರ ಕೈಯಲ್ಲಿ ಭಾಷೆ ಉಳಿದಿತ್ತು. ಅದು ಲ್ಯಾಟಿನ್ನಿನ ಮಗಳು, ಸ್ಪ್ಯಾನಿಷ್‌ಗೆ ಹತ್ತಿರದ ನಂಟು. ಹೊರಗಿನಿಂದ ಬಂದವರು ಕೆಲವು ತಿಂಗಳಲ್ಲಿ ಅರ್ಥ ಮಾಡಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಭಾಷೆಯನ್ನು ಹೊಲದ ಆಳು ಮಾತ್ರವಲ್ಲ, ಹತ್ತಿಗಿರಣಿಯ ಒಡೆಯನೂ ಡಾಕ್ಟರೂ ವಕೀಲನೂ ಮನೆಯಲ್ಲಿ ಆಡುತ್ತಿದ್ದರು. 1913ರಲ್ಲೇ ಪೊಂಪೆವ್ ಫಾಬ್ರಾ ಎಂಬ ವಿದ್ವಾಂಸರು ಅದರ ಬರವಣಿಗೆಗೆ ನಿಯಮ ರೂಪಿಸಿದ್ದರು. ಹಾಗಾಗಿ ಫ್ರಾಂಕೋ ಕಾಲದಲ್ಲಿ ಕ್ಯಾಟಲನ್ ಆಗಿರುವುದಕ್ಕೆ ಮಾಡಬಹುದಾದ ಕೆಲಸ ಬಹಳವಿತ್ತು. ವೃಂದಗಾನ ಸೇರಬಹುದು. ಬೆಟ್ಟ ಹತ್ತುವ ಸಂಘ ಸೇರಬಹುದು. ಫುಟ್‌ಬಾಲ್ ಮೈದಾನದಲ್ಲಿ ಬಾರ್ಸಿಲೋನಾ ತಂಡಕ್ಕೆ ಕೂಗು ಹಾಕಬಹುದು. ಗಿಟಾರ್ ಹಿಡಿದು ಹಾಡಬಹುದು.

ಹಾಡಿದ್ದಕ್ಕೆ ಜೈಲೂ ಆಯಿತು. 1960ರಲ್ಲಿ ಬಾರ್ಸಿಲೋನಾದ ಸಂಗೀತ ಸಭಾಂಗಣದಲ್ಲಿ ಫ್ರಾಂಕೋ ಮಂತ್ರಿಗಳ ಎದುರೇ ಜನ ಎದ್ದುನಿಂತು ನಿಷೇಧಿತ ಕ್ಯಾಟಲನ್ ಗೀತೆ ಹಾಡಿದರು. ಇದರ ಹಿಂದೆ ಇದ್ದವನೆಂದು ಜೊರ್ಡಿ ಪುಜೋಲ್ ಎಂಬ ಯುವಕನನ್ನು ಹಿಡಿದು ಜೈಲಿಗೆ ಹಾಕಿದರು. ಆತ ಹೊರಬಂದು ಏನು ಮಾಡಿದ ಗೊತ್ತೇ? ಬ್ಯಾಂಕು ಬೆಳೆಸಿದ! ಕ್ಯಾಟಲನ್ ಸಂಸ್ಥೆಗಳಿಗೆ ಹಣ ಒದಗಿಸಿದ. ಮುಂದೆ 1980ರಿಂದ 23 ವರ್ಷ ಅದೇ ನಾಡಿನ ಅಧ್ಯಕ್ಷನಾದ. ಕ್ಯಾಟಲೋನಿಯಾದಲ್ಲಿ ಬದುಕಿ ದುಡಿಯುವ ಯಾರೇ ಆಗಲಿ ಕ್ಯಾಟಲನ್ನನೇ ಎಂಬುದು ಆತನ ನಿಲುವು. ದಕ್ಷಿಣದ ಬಡ ಆಂಡಲೂಸಿಯಾದಿಂದ ಲಕ್ಷಗಟ್ಟಲೆ ಜನ ಕೂಲಿಗೆ ಬರುತ್ತಿದ್ದ ಕಾಲದಲ್ಲಿ ಈ ನಿಲುವಿಗೆ ಬಹಳ ಬೆಲೆಯಿತ್ತು.

ಈಗ ಬಾಸ್ಕ್ ನಾಡಿಗೆ ಬರೋಣ. ಬಾಸ್ಕ್ ನುಡಿಗೆ ಲೋಕದಲ್ಲಿ ನೆಂಟರೇ ಇಲ್ಲ. ಯಾವ ಭಾಷಾಕುಟುಂಬಕ್ಕೂ ಸೇರದ ನುಡಿ ಅದು. ಹೊರಗಿನವರಿಗೆ ಕಲಿಯುವುದು ಕಷ್ಟ. ಬಿಲ್ಬಾವೊ ನಗರದ ಶ್ರೀಮಂತರು ಅದನ್ನು ಯಾವಾಗಲೋ ಬಿಟ್ಟಿದ್ದರು. 1970ರ ದಶಕದ ಹೊತ್ತಿಗೆ ಸರಿಸುಮಾರು ನಾಲ್ಕರಲ್ಲಿ ಒಬ್ಬರು ಮಾತ್ರ ಅದನ್ನು ಆಡಬಲ್ಲವರಾಗಿದ್ದರು. ಸಬಿನೊ ಅರಾನಾ ಕೂಡ ಆ ನುಡಿಯನ್ನು ಬೆಳೆದ ಮೇಲೆ ಕಲಿತವನು. ಆತ ರಾಷ್ಟ್ರೀಯತೆಗೆ ತಳಹದಿ ಮಾಡಿದ್ದು ಭಾಷೆಯನ್ನಲ್ಲ, ರಕ್ತವನ್ನು. ವಲಸಿಗರು ಬಾಸ್ಕ್ ನುಡಿ ಕಲಿಯುವುದು ಕೂಡ ಅವನಿಗೆ ಬೇಕಿರಲಿಲ್ಲ.

ಎಟಾ ಕಟ್ಟಿದ ವಿದ್ಯಾರ್ಥಿಗಳು ಈ ರಕ್ತದ ಮಾತನ್ನು ಬಿಟ್ಟರು. ಹಿಟ್ಲರನ ಕಾಲ ಮುಗಿದ ಮೇಲೆ ಜನಾಂಗಶುದ್ಧಿಯ ಮಾತು ಆಡುವ ಹಾಗೂ ಇರಲಿಲ್ಲ. ಭಾಷೆಯೇ ನಾಡಿನ ಉಸಿರು ಎಂದರು. ಆದರೆ ಅವರಲ್ಲೇ ಅನೇಕರಿಗೆ ಆ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಬಾಸ್ಕ್ ನುಡಿಗೆ ಎಲ್ಲರೂ ಒಪ್ಪುವ ಬರವಣಿಗೆಯ ರೂಪ ಕೊಡಲು ವಿದ್ವಾಂಸರು ಸೇರಿದ್ದು 1968ರ ಅಕ್ಟೋಬರ್‌ನಲ್ಲಿ, ಅರಾಂತ್ಸಸು ಎಂಬ ಬೆಟ್ಟದ ಮಠದಲ್ಲಿ. ಎಟಾ ಗುಂಡಿಗೆ ಮೊದಲ ಬಲಿ ಬಿದ್ದದ್ದು ಅದೇ ವರ್ಷದ ಜೂನ್‌ನಲ್ಲಿ. ಗುಂಡು ವ್ಯಾಕರಣಕ್ಕಿಂತ ನಾಲ್ಕು ತಿಂಗಳು ಮುಂಚೆ ಬಂತು.

ಡೇನಿಯೆಲೆ ಕಾನ್ವರ್ಸಿ ಎಂಬ ವಿದ್ವಾಂಸರು 1997ರಲ್ಲಿ ಈ ಎರಡು ನಾಡುಗಳನ್ನು ಹೋಲಿಸಿ ಪುಸ್ತಕ ಬರೆದರು. ಅವರ ವಾದ ಹೀಗಿದೆ. ಎಲ್ಲರೂ ಹಂಚಿಕೊಳ್ಳಬಹುದಾದ ಸಂಸ್ಕೃತಿ ಬಲವಾಗಿದ್ದರೆ ರಾಷ್ಟ್ರೀಯತೆಗೆ ಅದೇ ಸಾಕಾಗುತ್ತದೆ. ಅದು ಸೊರಗಿದ್ದರೆ ನಮ್ಮವರು ಯಾರು, ಪರರು ಯಾರು ಎಂಬ ಗೆರೆ ಎಳೆಯಲು ಹೋರಾಟವೇ ಬೇಕಾಗುತ್ತದೆ. ನುಡಿ ಬಾರದಿದ್ದರೂ, ರಕ್ತ ಬೇರೆಯಾದರೂ, ಹೋರಾಡಿದವನು ಬಾಸ್ಕನಾಗುತ್ತಾನೆ. ಇದಕ್ಕೆ ಸಾಕ್ಷಿ ಬೇಕೆಂದರೆ, 1975ರ ಸೆಪ್ಟೆಂಬರ್‌ನಲ್ಲಿ ಫ್ರಾಂಕೋ ಆಡಳಿತ ಕೊನೆಯದಾಗಿ ಗುಂಡಿಟ್ಟು ಕೊಂದವರಲ್ಲಿ ಇಬ್ಬರು ಎಟಾ ಸದಸ್ಯರು. ಅವರಲ್ಲೊಬ್ಬ ಹುಟ್ಟಿದ್ದು ದೂರದ ಎಕ್ಸ್‌ಟ್ರಿಮದೂರಾ ಪ್ರಾಂತದಲ್ಲಿ, ವಲಸೆ ಬಂದ ಬಡ ಕುಟುಂಬದಲ್ಲಿ.

ಹಣದ ಕಡೆಯಿಂದ ನೋಡುವವರೂ ಇದ್ದಾರೆ. ಹ್ವಾನ್ ದಿಯೆಸ್ ಮೆದ್ರಾನೋ ಎಂಬ ಸಮಾಜಶಾಸ್ತ್ರಜ್ಞರ ಪ್ರಕಾರ ಬಾಸ್ಕ್ ಬಂಡವಾಳ ಉಕ್ಕು ಮತ್ತು ಬ್ಯಾಂಕುಗಳದು. ಅದಕ್ಕೆ ಮ್ಯಾಡ್ರಿಡ್ ಸರ್ಕಾರದ ಆಸರೆ ಬೇಕಿತ್ತು. ಆದ್ದರಿಂದ ದೊಡ್ಡ ಕುಳಗಳು ನಾಡಿನ ಚಳವಳಿಯಿಂದ ದೂರ ನಿಂತವು. ಕ್ಯಾಟಲೋನಿಯಾದ ಮಧ್ಯಮ ಗಾತ್ರದ ಗಿರಣಿ ಮಾಲೀಕರು ಹಾಗಲ್ಲ. ಚಳವಳಿಯ ಒಳಗೇ ಇದ್ದು ಅದರ ಕೈಹಿಡಿದರು. ಈ ಮಾತಿನಲ್ಲೂ ಹುರುಳಿದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು, ಕೇಳುಗರೇ. ಕ್ಯಾಟಲೋನಿಯಾದಲ್ಲಿ ನಾಡಿಗಾಗಿ ಮಾಡಬಹುದಾದ ಸಾಧಾರಣ ಕೆಲಸಗಳು ಸಾವಿರವಿದ್ದವು, ಬಾಸ್ಕ್ ನಾಡಿನಲ್ಲಿ ಕಡಿಮೆಯಿದ್ದವು. ಆದರೆ ಇಷ್ಟರಿಂದಲೇ ಯಾರೂ ಕೊಲೆಗೆ ಹೊರಡುವುದಿಲ್ಲ. ಸೊರಗಿದ ಭಾಷೆಗಳು ಲೋಕದಲ್ಲಿ ಬೇಕಾದಷ್ಟಿವೆ. ಅವೆಲ್ಲಕ್ಕೂ ಒಂದೊಂದು ಎಟಾ ಹುಟ್ಟಿಲ್ಲ. ನಡುವೆ ಬೇರೆ ಸಂಗತಿಗಳು ಆಗಬೇಕು.

ಒಂದು, ಬಂದೂಕಿನ ವಿಚಾರ ತಲೆಗೆ ಹೊಳೆಯಬೇಕು. 1960ರ ದಶಕದಲ್ಲಿ ಅದಕ್ಕೆ ಬರವಿರಲಿಲ್ಲ. 1962ರಲ್ಲಿ ಆಲ್ಜೀರಿಯಾ ಫ್ರಾನ್ಸಿನಿಂದ ಬಿಡುಗಡೆ ಪಡೆಯಿತು. ಕ್ಯೂಬಾ ಇತ್ತು, ವಿಯೆಟ್ನಾಂ ಇತ್ತು. ಬಾಸ್ಕ್ ನಾಡೂ ಒಂದು ವಸಾಹತು, ಇಲ್ಲೂ ಗೆರಿಲ್ಲಾ ಯುದ್ಧ ಸಾಧ್ಯ ಎಂದು 1963ರಲ್ಲಿ ಫೆದೆರಿಕೋ ಕ್ರುತ್ವಿಗ್ ಎಂಬ ಲೇಖಕ ಬರೆದ. ನಾಡಿನ ಆದಾಯವೋ ಸ್ಪೇನಿನಲ್ಲೇ ಮೇಲ್ಮಟ್ಟದಲ್ಲಿತ್ತು! ಹೋಲಿಕೆ ತಪ್ಪಾಗಿತ್ತು, ಆದರೆ ತರುಣರಿಗೆ ಅದು ಹಿಡಿಸಿತು. ಅದರಿಂದ ಒಂದು ಸೂತ್ರವೂ ಹೊರಟಿತು. ನಾವು ಹೊಡೆಯೋಣ. ಸರ್ಕಾರ ಸಿಕ್ಕಸಿಕ್ಕವರನ್ನು ಬಡಿಯುತ್ತದೆ. ಪೆಟ್ಟು ತಿಂದ ಜನ ನಮ್ಮ ಕಡೆ ಬರುತ್ತಾರೆ.

ಸರ್ಕಾರ ಅಕ್ಷರಶಃ ಹಾಗೇ ನಡೆದುಕೊಂಡಿತು. 1968ರ ಜೂನ್‌ನಲ್ಲಿ ರಸ್ತೆ ತಪಾಸಣೆಯ ವೇಳೆ ಒಬ್ಬ ಪೊಲೀಸನನ್ನು ಎಟಾ ನಾಯಕನೊಬ್ಬ ಕೊಂದ. ಅದೇ ದಿನ ಪೊಲೀಸರು ಆ ನಾಯಕನನ್ನು ಕೊಂದರು. ಚಳವಳಿಗೆ ಒಬ್ಬ ಹುತಾತ್ಮ ಸಿಕ್ಕ. ಆಗಸ್ಟ್‌ನಲ್ಲಿ, ಚಿತ್ರಹಿಂಸೆಗೆ ಕುಖ್ಯಾತನಾಗಿದ್ದ ಪೊಲೀಸ್ ಅಧಿಕಾರಿಯ ಕೊಲೆಯಾಯಿತು. ಗಿಪುಸ್ಕೊವಾ ಪ್ರಾಂತದಲ್ಲಿ ತುರ್ತುಸ್ಥಿತಿ ಬಂತು. ನೂರಾರು ಜನರನ್ನು ಎಳೆದೊಯ್ದರು. ಆಮೇಲೆ ಬಂದದ್ದೇ ಮೊದಲು ಹೇಳಿದ ಬುರ್ಗೋಸ್ ವಿಚಾರಣೆ. ಲೋಕವೆಲ್ಲ ಕೂಗೆಬ್ಬಿಸಿದ ಮೇಲೆ ಫ್ರಾಂಕೋ ಮರಣದಂಡನೆಗಳನ್ನು ಜೈಲುಶಿಕ್ಷೆಗೆ ಇಳಿಸಿದ. ಆ ಹೊತ್ತಿಗೆ ಎಟಾ ಹೆಸರು ಮನೆಮಾತಾಗಿತ್ತು. 1973ರ ಡಿಸೆಂಬರ್‌ನಲ್ಲಿ ಮ್ಯಾಡ್ರಿಡ್ ಬೀದಿಯ ಅಡಿಯಲ್ಲಿ ಸುರಂಗ ಕೊರೆದು ಇಟ್ಟ ಸ್ಫೋಟಕದಿಂದ ಪ್ರಧಾನಿ ಕರೆರೊ ಬ್ಲಾಂಕೊನನ್ನು ಕೊಂದರು. ಸ್ಫೋಟದ ರಭಸಕ್ಕೆ ಕಾರು ಐದಂತಸ್ತಿನ ಕಟ್ಟಡವನ್ನು ಹಾರಿ ಆಚೆ ಬಿತ್ತು. ಸರ್ವಾಧಿಕಾರವನ್ನು ದ್ವೇಷಿಸುತ್ತಿದ್ದ ಅನೇಕ ಸ್ಪ್ಯಾನಿಷರೂ ಒಳಗೊಳಗೇ ಖುಷಿಪಟ್ಟರು.

ಇನ್ನೊಂದು ಸಂಗತಿ ಸಣ್ಣ ಊರುಗಳದು. ಅಮೆರಿಕದ ವಿದ್ವಾಂಸ ಡೇವಿಡ್ ಲೈಟಿನ್ ಇದನ್ನು ಎತ್ತಿ ತೋರಿಸಿದರು. ಬಾಸ್ಕ್ ಪಟ್ಟಣಗಳಲ್ಲಿ ಬಾಲ್ಯದಿಂದ ಒಟ್ಟಿಗೆ ಬೆಳೆದ ಗೆಳೆಯರ ಗುಂಪುಗಳಿರುತ್ತವೆ. ಒಟ್ಟಿಗೆ ಬೆಟ್ಟ ಹತ್ತುತ್ತಾರೆ, ಒಟ್ಟಿಗೆ ಒಂದು ಪಾನಗೃಹದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಜೀವಮಾನವಿಡೀ ಆ ನಂಟು ಬಿಡುವುದಿಲ್ಲ. ಒಬ್ಬ ಎಟಾ ಸೇರಿದರೆ ಉಳಿದವರು ಹಿಂದೆ ಬೀಳುವುದು ಮಾನಗೇಡು. ಗುಟ್ಟು ಕಾಯುವುದಕ್ಕೂ ಇಂಥ ಗುಂಪು ಅನುಕೂಲ. ಚಳವಳಿಗೆ ಜನ ಹೇಗೆ ಸೇರಿದರು ಎಂಬುದನ್ನು ಈ ವಿವರಣೆ ಚೆನ್ನಾಗಿ ಹೇಳುತ್ತದೆ. ಏಕೆ ಸೇರಿದರು ಎಂಬುದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ.

ಬಡಿಯುವ ಸರ್ಕಾರ, ಅಂಟಿಕೊಂಡ ಗೆಳೆಯರ ಗುಂಪು, ಎರವಲು ತಂದ ಯುದ್ಧಸೂತ್ರ. ಇವಿಷ್ಟು ಸಾಕೇ? ಸ್ಪೇನಿನ ಆಚೆ ಒಮ್ಮೆ ಪರೀಕ್ಷಿಸಿ ನೋಡಬಹುದು.

ಕೆನಡಾದ ಕ್ವಿಬೆಕ್ ಪ್ರಾಂತ. ಫ್ರೆಂಚ್ ಮಾತಾಡುವ ನಾಡು. ಅಲ್ಲೂ 1963ರಿಂದ ಒಂದು ಗುಪ್ತ ಸಂಘಟನೆ ಬಾಂಬು ಇಡುತ್ತಿತ್ತು. ಅಲ್ಲೂ ಆಲ್ಜೀರಿಯಾ, ಕ್ಯೂಬಾಗಳ ಗುಂಗೇ. 1970ರ ಅಕ್ಟೋಬರ್‌ನಲ್ಲಿ ಆ ಗುಂಪು ಒಬ್ಬ ಬ್ರಿಟಿಷ್ ಅಧಿಕಾರಿಯನ್ನು ಅಪಹರಿಸಿತು. ಪ್ರಾಂತದ ಮಂತ್ರಿ ಪಿಯೆರ್ ಲಪೋರ್ಟ್ ಅವರನ್ನು ಅಪಹರಿಸಿ ಕೊಂದಿತು. ಸರ್ಕಾರ ಯುದ್ಧಕಾಲದ ಕಾನೂನು ಹೇರಿತು, ಬೀದಿಗೆ ಸೈನ್ಯ ಇಳಿಸಿತು. ಸುಮಾರು 500 ಜನರನ್ನು ವಾರಂಟ್ ಇಲ್ಲದೆ ಹಿಡಿಯಿತು. ಬಾಸ್ಕರ ಸೂತ್ರದ ಪ್ರಕಾರ ಇಲ್ಲಿಂದ ಹಿಂಸೆ ಭುಗಿಲೇಳಬೇಕಿತ್ತು. ಆದದ್ದು ಉಲ್ಟಾ. ಒಂದೆರಡು ವರ್ಷದಲ್ಲಿ ಆ ಸಂಘಟನೆಯೇ ಕರಗಿಹೋಯಿತು.

ಕಾರಣ ರೆನೆ ಲೆವೆಕ್ ಎಂಬ ನಾಯಕ 1968ರಲ್ಲಿ ಕಟ್ಟಿದ್ದ ಪಕ್ಷ. ಬೇರೆ ದೇಶ ಬೇಕೆಂದು ಬಹಿರಂಗವಾಗಿ ಕೇಳುವ, ಹಿಂಸೆಯನ್ನು ಅಷ್ಟೇ ಬಹಿರಂಗವಾಗಿ ಖಂಡಿಸುವ ಪಕ್ಷ. 1970ರ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು ನೂರಕ್ಕೆ 23 ಮತ, ಏಳೇ ಸೀಟು. ಆದರೂ ದಾರಿಯೊಂದು ಕಣ್ಣಿಗೆ ಕಾಣುತ್ತಿತ್ತು. ಬಾಂಬಿನ ಗುಂಪಿಗೆ ಸಿದ್ಧಾಂತ ಬರೆದುಕೊಟ್ಟಿದ್ದ ಪಿಯೆರ್ ವಾಲಿಯೇರ್ 1971ರ ಕೊನೆಗೆ ಹಿಂಸೆಯನ್ನು ಕೈಬಿಟ್ಟು, ಆ ಪಕ್ಷವನ್ನೇ ಬೆಂಬಲಿಸಿ ಎಂದ. 1976ರಲ್ಲಿ ಪಕ್ಷ ಅಧಿಕಾರಕ್ಕೆ ಬಂತು. 1995ರ ಜನಮತಗಣನೆಯಲ್ಲಿ ಬೇರೆ ದೇಶದ ಬೇಡಿಕೆ ಸೋತದ್ದು ಒಂದು ಶೇಕಡಾದಷ್ಟು ಅಂತರದಲ್ಲಿ. ಆಗಲೂ ಬಂದೂಕು ಹೊರಬರಲಿಲ್ಲ.

ಉತ್ತರ ಐರ್ಲೆಂಡಿನಲ್ಲಿ ನೋಡಿ. 1921ರಿಂದ 50 ವರ್ಷ ಒಂದೇ ಪಕ್ಷ ಆಳಿತು. ಅಲ್ಪಸಂಖ್ಯಾತ ಕ್ಯಾಥೊಲಿಕರು ಎಷ್ಟು ಮತ ಹಾಕಿದರೂ ಸರ್ಕಾರ ಬದಲಾಗುವ ಹಾಗಿರಲಿಲ್ಲ. 1967ರ ಬಳಿಕ ಅವರು ನಾಗರಿಕ ಹಕ್ಕುಗಳಿಗಾಗಿ ಶಾಂತ ಮೆರವಣಿಗೆ ತೆಗೆದರು. ಲಾಠಿ ಬಿತ್ತು. 1972ರ ಜನವರಿಯ ಒಂದು ಭಾನುವಾರ ಡೆರಿ ನಗರದಲ್ಲಿ ಬ್ರಿಟಿಷ್ ಸೈನಿಕರು 13 ನಿರಾಯುಧರನ್ನು ಗುಂಡಿಟ್ಟು ಕೊಂದರು. ಅದಾದ ಮೇಲೆ ಐಆರ್‌ಎ ಎಂಬ ಸಶಸ್ತ್ರ ಸಂಘಟನೆ ಸೇರಲು ತರುಣರ ಸಾಲು ಬೆಳೆಯಿತು. ಆ ಒಂದೇ ವರ್ಷ ಸುಮಾರು 500 ಜನ ಸತ್ತರು. ಎರಡೂ ಕಡೆ ಸರ್ಕಾರ ಮಿತಿಮೀರಿ ನಡೆದುಕೊಂಡಿತು. ಕ್ವಿಬೆಕ್‌ನಲ್ಲಿ ಮತಪೆಟ್ಟಿಗೆ ಕೆಲಸ ಮಾಡುತ್ತಿತ್ತು, ಡೆರಿಯಲ್ಲಿ ಮಾಡುತ್ತಿರಲಿಲ್ಲ.

ಹೀಗೆಂದ ಕೂಡಲೇ ಎಚ್ಚರದ ಕೇಳುಗರು ಒಂದು ಆಕ್ಷೇಪ ಎತ್ತಬಹುದು. ಫ್ರಾಂಕೋ ಸತ್ತದ್ದು 1975ರಲ್ಲಿ. 1977ರಲ್ಲಿ ಸ್ಪೇನಿನಲ್ಲಿ ಮುಕ್ತ ಚುನಾವಣೆ ನಡೆಯಿತು. 1979ರಲ್ಲಿ ಬಾಸ್ಕರಿಗೆ ಸ್ವಾಯತ್ತ ಆಡಳಿತ ಸಿಕ್ಕಿತು. ಎಟಾ ಆಗ ನಿಲ್ಲಬೇಕಿತ್ತಲ್ಲ? ನಿಲ್ಲಲಿಲ್ಲ. ಅದು ಕೊಂದ 850 ಜನರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಸತ್ತದ್ದು ಫ್ರಾಂಕೋ ಹೋದ ಮೇಲೆಯೇ. ಅತಿ ಹೆಚ್ಚು ಕೊಲೆಗಳಾದ ವರ್ಷ 1980, ಬಾಸ್ಕರು ತಮ್ಮದೇ ಶಾಸನಸಭೆಯನ್ನು ಆರಿಸಿದ ವರ್ಷ.

ಆಕ್ಷೇಪ ಸರಿಯಾದದ್ದೇ. ಉತ್ತರದ ಒಂದು ಪಾಲು ಸ್ಪೇನಿನ ಹೊಸ ಸಂವಿಧಾನ ಬರೆದ ಬಗೆಯಲ್ಲಿದೆ. ಕರಡು ಬರೆದ ಏಳು ಜನರಲ್ಲಿ ಮಿಕೆಲ್ ರೋಕಾ ಎಂಬ ಕ್ಯಾಟಲನ್ ರಾಷ್ಟ್ರೀಯವಾದಿ ಇದ್ದರು. ಬಾಸ್ಕ್ ರಾಷ್ಟ್ರೀಯವಾದಿ ಒಬ್ಬರೂ ಇರಲಿಲ್ಲ. ಆ ಸಂವಿಧಾನದ ಮೇಲೆ 1978ರಲ್ಲಿ ನಡೆದ ಜನಮತಗಣನೆಯಲ್ಲಿ ಕ್ಯಾಟಲೋನಿಯಾದಲ್ಲಿ ಮತ ಹಾಕಿದವರ ಪೈಕಿ ನೂರಕ್ಕೆ 90 ಜನ ಹೌದೆಂದರು. ಬಾಸ್ಕ್ ನಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮತದಾರರು ಮತಗಟ್ಟೆಗೇ ಹೋಗಲಿಲ್ಲ.

ಇನ್ನೊಂದು ಪಾಲು ಎಟಾ ಒಳಗೇ ಇತ್ತು. ಹತ್ತು ವರ್ಷ ನಡೆದ ಹಿಂಸೆಗೆ ತನ್ನದೇ ಸಂಸಾರ ಬೆಳೆದಿರುತ್ತದೆ. ಜೈಲಿನಲ್ಲಿರುವವರು, ಅವರ ಮನೆಯವರು, ಸತ್ತವರ ಪಟಗಳು, ವಾರ್ಷಿಕ ಸ್ಮರಣೆಗಳು, ಉದ್ಯಮಿಗಳನ್ನು ಬೆದರಿಸಿ ಕಿತ್ತ ಹಣ. ಇವನ್ನೆಲ್ಲ ಬಿಟ್ಟು ಮೇಲೇಳುವುದು ಸುಲಭವಲ್ಲ. ಪೊಲೀಸರೂ ಹಳಬರೇ, ಅವರ ಚಾಳಿಯೂ ಹಳೆಯದೇ. 1983ರಿಂದ 87ರವರೆಗೆ ಸರ್ಕಾರದ ಒಳಗಿನವರೇ ಗುಟ್ಟಾಗಿ ಸಾಕಿದ ಒಂದು ಕೊಲೆಗಾರ ಪಡೆ ಸುಮಾರು 27 ಜನರನ್ನು ಕೊಂದಿತು. ಆ ಪ್ರಕರಣದಲ್ಲಿ ಮುಂದೆ ಒಬ್ಬ ಮಾಜಿ ಗೃಹಮಂತ್ರಿ ಜೈಲಿಗೆ ಹೋದ. ಬಾಸ್ಕ್ ಸರ್ಕಾರ ಮಾಡಿಸಿದ ಅಧ್ಯಯನವೊಂದು 1960ರಿಂದೀಚೆಗಿನ 4,000ಕ್ಕೂ ಹೆಚ್ಚು ಚಿತ್ರಹಿಂಸೆಯ ದೂರುಗಳನ್ನು ದಾಖಲಿಸಿದೆ.

ಕ್ಯಾಟಲೋನಿಯಾದಲ್ಲೂ 1970ರ ದಶಕದ ಕೊನೆಗೆ ತೆರ್ರಾ ಲ್ಯೂರೆ ಎಂಬ ಸಶಸ್ತ್ರ ಗುಂಪು ಹುಟ್ಟಿತ್ತು. ಅದರ ಬೆನ್ನಿಗೆ ಜನ ನಿಲ್ಲಲಿಲ್ಲ. ತಾವೇ ಇಡಲು ಹೋದ ಬಾಂಬಿಗೆ ಸತ್ತ ಸದಸ್ಯರ ಸಂಖ್ಯೆ ಅವರು ಕೊಂದವರ ಸಂಖ್ಯೆಗಿಂತ ಹೆಚ್ಚು. 1990ರ ದಶಕದ ಆರಂಭದಲ್ಲಿ ಅನೇಕರು ಚುನಾವಣೆ ಎದುರಿಸುವ ಪಕ್ಷ ಸೇರಿಕೊಂಡರು. 1987ರಲ್ಲಿ ಎಟಾ ಬಾರ್ಸಿಲೋನಾದ ಒಂದು ಅಂಗಡಿ ಸಂಕೀರ್ಣದಲ್ಲಿ ಇಟ್ಟ ಬಾಂಬಿಗೆ 21 ಜನ ಸತ್ತಿದ್ದರು. ಸಾಮಾನು ಕೊಳ್ಳಲು ಬಂದ ಜನ, ಮಕ್ಕಳೂ ಸೇರಿ. ಬಂದೂಕಿನ ಬಗ್ಗೆ ಕ್ಯಾಟಲನ್ನರಿಗೆ ಉಳಿದಿದ್ದ ಅಷ್ಟಿಷ್ಟು ಮೋಹವೂ ಅಲ್ಲಿಗೆ ಮುಗಿಯಿತು.

ಹಾಗಾದರೆ ಎಟಾ ನಿಂತದ್ದು ಹೇಗೆ? ಪೊಲೀಸರ ಬಲೆ ಬಿಗಿಯಾಯಿತು, ಫ್ರಾನ್ಸ್ ಆಸರೆ ಕೊಡುವುದನ್ನು ನಿಲ್ಲಿಸಿತು. ಇವೆಲ್ಲ ನಿಜ. ಆದರೆ ತಿರುವು ಬಂದದ್ದು ಬಾಸ್ಕರ ಬೀದಿಯಲ್ಲಿ. 1980ರ ದಶಕದ ಮಧ್ಯದಿಂದಲೇ ಪ್ರತಿ ಕೊಲೆಯ ಮರುದಿನ ಸಣ್ಣ ಗುಂಪುಗಳು ಚೌಕದಲ್ಲಿ ಮೌನವಾಗಿ ನಿಲ್ಲತೊಡಗಿದ್ದವು. ನೆರೆಹೊರೆಯವರ ಬೈಗುಳ ಕೇಳುತ್ತಲೇ ನಿಂತರು. 1997ರ ಜುಲೈನಲ್ಲಿ ಎಟಾ ಎರ್ಮುವಾ ಪಟ್ಟಣದ ಪುರಸಭೆಯ ಸದಸ್ಯ, 29ರ ಹರೆಯದ ಮಿಗೆಲ್ ಆಂಖೆಲ್ ಬ್ಲಾಂಕೊನನ್ನು ಅಪಹರಿಸಿ ಎರಡು ದಿನದ ಗಡುವು ಕೊಟ್ಟಿತು. ಗಡುವು ಮುಗಿಯುತ್ತಿದ್ದಂತೆ ಕೊಂದಿತು. ಸ್ಪೇನಿನುದ್ದಕ್ಕೂ ಲಕ್ಷಗಟ್ಟಲೆ ಜನ ಬೀದಿಗಿಳಿದರು. ಬಾಸ್ಕ್ ಪಟ್ಟಣಗಳಲ್ಲಿ ಎಟಾ ಪರ ಪಕ್ಷದ ಕಚೇರಿಗಳ ಮುಂದೆಯೇ ಜನ ಸೇರಿ ಕೂಗಿದರು. ಅಲ್ಲಿಯವರೆಗೆ ಹೆದರಿ ಬಾಯಿ ಮುಚ್ಚಿದ್ದವರು ಅವರು. ಕೊನೆಗೆ ಎಟಾ ಪರ ರಾಜಕಾರಣಿಗಳೇ ಬಂದೂಕು ತಮಗೆ ಹೊರೆ ಎಂದು ಒಳಗಿನಿಂದ ಒತ್ತಡ ಹಾಕಿದರು. 2011ರ ಅಕ್ಟೋಬರ್‌ನಲ್ಲಿ ಎಟಾ ಸಶಸ್ತ್ರ ಹೋರಾಟ ನಿಲ್ಲಿಸಿತು. 2018ರ ಮೇ ತಿಂಗಳಲ್ಲಿ ಸಂಘಟನೆಯನ್ನೇ ವಿಸರ್ಜಿಸಿತು.

ಆ ಹೊತ್ತಿಗೆ ಪರೀಕ್ಷೆಯ ಕಾಲ ಕ್ಯಾಟಲೋನಿಯಾಕ್ಕೆ ಬಂದಿತ್ತು. 2017ರ ಅಕ್ಟೋಬರ್ 1ರಂದು ನ್ಯಾಯಾಲಯ ತಡೆದಿದ್ದ ಜನಮತಗಣನೆಯನ್ನು ಅಲ್ಲಿನ ಸರ್ಕಾರ ನಡೆಸಿತು. ಮತಗಟ್ಟೆಗಳ ಮುಂದೆ ನಿಂತವರ ಮೇಲೆ ಪೊಲೀಸರು ಲಾಠಿ ಬೀಸಿದರು. ಎರಡು ವರ್ಷದ ಬಳಿಕ ಒಂಬತ್ತು ಮುಂದಾಳುಗಳಿಗೆ 9ರಿಂದ 13 ವರ್ಷ ಜೈಲಾಯಿತು. ಬಾರ್ಸಿಲೋನಾದಲ್ಲಿ ಕೆಲವು ರಾತ್ರಿ ಕಸದ ತೊಟ್ಟಿಗಳು ಉರಿದವು. ಬಂದೂಕು ಮಾತ್ರ ಹೊರಬರಲಿಲ್ಲ. 2021ರಲ್ಲಿ ಸರ್ಕಾರ ಆ ಒಂಬತ್ತು ಜನರಿಗೆ ಕ್ಷಮಾದಾನ ಕೊಟ್ಟಿತು.

ಕ್ಯಾಟಲೋನಿಯಾ ಇಂದಿಗೂ ಸ್ಪೇನಿನ ಭಾಗ. ಬಾಸ್ಕ್ ನಾಡೂ ಅಷ್ಟೇ. 2024ರ ಏಪ್ರಿಲ್‌ನಲ್ಲಿ ನಡೆದ ಬಾಸ್ಕ್ ಶಾಸನಸಭೆಯ ಚುನಾವಣೆಯಲ್ಲಿ, ಒಂದು ಕಾಲಕ್ಕೆ ಎಟಾ ನೆರಳಿನಲ್ಲಿದ್ದ ಎಡಪಂಥೀಯರು ಮುನ್ನಡೆಸುವ ಮೈತ್ರಿಕೂಟ 27 ಸೀಟು ಗೆದ್ದಿತು. ಸಬಿನೊ ಅರಾನಾ ಕಟ್ಟಿದ ಹಳೆಯ ಪಕ್ಷಕ್ಕೆ ಬಂದದ್ದೂ 27. ಬಂದೂಕು ಹಿಡಿದ ನಾಲ್ಕು ದಶಕಗಳಲ್ಲಿ ಎಟಾ ಪರ ಎಡಪಂಥೀಯ ಬಣಕ್ಕೆ ಎಂದೂ ಇಷ್ಟು ಸೀಟು ಬಂದಿರಲಿಲ್ಲ. ಎಟಾ ಮಾಡಿದ ಕೊಲೆಗಳಲ್ಲಿ 300ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕೊಂದವರು ಯಾರೆಂಬುದು ನ್ಯಾಯಾಲಯದಲ್ಲಿ ಇನ್ನೂ ತೀರ್ಮಾನವಾಗಿಲ್ಲ.